ನೂರು ಸಾಲುಗಳ ಮಿತಿ: ಶಾಲಾ ಇನ್‌ಸ್ಪೆಕ್ಟರ್ ಮ್ಯಾಥ್ಯೂ ಆರ್ನಲ್ಡ್

ಕನ್ನಡದಲ್ಲಿ ಸಾಹಿತ್ಯ ವಿಮರ್ಶೆಯನ್ನು ಅಭ್ಯಾಸ ಮಾಡಿದವರಿಗೆ ಮ್ಯಾಥ್ಯೂ ಆರ್ನಲ್ಡ್‌ನ (1822-1888) ಹೆಸರು ಅಪರಿಚಿತವಲ್ಲ. ಮಹಾಕವಿಗಳ ಸಾಲುಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಉಳಿದ ಕಾವ್ಯದ ಗುಣವನ್ನು ಅಳೆಯಬಹುದೆಂದ ವಿಮರ್ಶಕನಾಗಿ, 'ಡೋವರ್ ಬೀಚ್' ಬರೆದ ಕವಿಯಾಗಿ, 'ಕಲ್ಚರ್ ಅಂಡ್ ಅನಾರ್ಕಿ'ಯ (1869) ಸಂಸ್ಕೃತಿ ಚಿಂತಕನಾಗಿ ಅವನು ನಮ್ಮ ಸ್ನಾತಕೋತ್ತರ ತರಗತಿಗಳನ್ನು ಪ್ರವೇಶಿಸುತ್ತಾನೆ. ಆದರೆ ಈ ಬರವಣಿಗೆಯೆಲ್ಲ ಅವನ ಬಿಡುವಿನ ವೇಳೆಯ ಕೆಲಸವಾಗಿತ್ತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1851ರಿಂದ 1886ರವರೆಗೆ, ಮೂವತ್ತೈದು ವರ್ಷಗಳ ಕಾಲ, ಅವನ ಸಂಬಳದ ಉದ್ಯೋಗ ಶಾಲಾ ಇನ್‌ಸ್ಪೆಕ್ಟರನದು. ಕೂಲಿಕಾರರ, ಕುಶಲಕರ್ಮಿಗಳ, ಸಣ್ಣ ವ್ಯಾಪಾರಿಗಳ ಮಕ್ಕಳು ಓದುತ್ತಿದ್ದ ಶಾಲೆಗಳಿಗೆ ಹೋಗಿ, ಅವರ ಓದನ್ನು ಕೇಳಿ, ಲೆಕ್ಕ ನೋಡಿ, ವರದಿ ಬರೆಯುವುದು ಅವನ ದಿನಚರಿಯಾಗಿತ್ತು. ಎಳೆಯರಿಗೆ ಯಾವ ಸಾಹಿತ್ಯವನ್ನು ಕೊಡಬೇಕು, ಯಾರು ಆಯ್ದು ಕೊಡಬೇಕು, ಯಾವ ಅಳತೆಯಿಂದ ಎಂಬ ಪ್ರಶ್ನೆಯನ್ನು ಅವನು ಎದುರಿಸಿದ್ದು ಆಕ್ಸ್‌ಫರ್ಡಿನ ಉಪನ್ಯಾಸ ವೇದಿಕೆಗಿಂತ ಮೊದಲು ಆ ಶಾಲೆಗಳ ಬೆಂಚುಗಳ ಮುಂದೆ. ಅವನ ಬದುಕನ್ನು ಆ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಆರ್ನಲ್ಡ್ ಹುಟ್ಟಿದ್ದು 1822ರ ಡಿಸೆಂಬರ್ 24ರಂದು, ಥೇಮ್ಸ್ ನದಿಯ ದಂಡೆಯ ಲೇಲ್‌ಹ್ಯಾಮ್ ಎಂಬ ಊರಿನಲ್ಲಿ. ತಂದೆ ಥಾಮಸ್ ಆರ್ನಲ್ಡ್ 1828ರಲ್ಲಿ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯನಾದ; ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಹುಡುಗರ ಶಿಕ್ಷಣಕ್ಕೆ ಹೊಸ ರೂಪ ಕೊಟ್ಟವನೆಂದು ಪ್ರಸಿದ್ಧನಾದ. ಮಗ ಓದಿದ್ದು ಸ್ವಲ್ಪ ಕಾಲ ವಿಂಚೆಸ್ಟರಿನಲ್ಲಿ, ಬಳಿಕ ತಂದೆಯ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ. ರಜೆಯ ದಿನಗಳು ಸರೋವರ ಪ್ರಾಂತದ ಫಾಕ್ಸ್ ಹೌ ಎಂಬ ಮನೆಯಲ್ಲಿ ಕಳೆಯುತ್ತಿದ್ದವು. ಅಲ್ಲಿ ನೆರೆಯವನಾಗಿದ್ದವನು ಕವಿ ವರ್ಡ್ಸ್‌ವರ್ತ್. ಎಂದರೆ ಹದಿಹರೆಯದಲ್ಲಿ ಒಬ್ಬ ಹುಡುಗನಿಗೆ ದೊರೆಯಬಹುದಾದ ಸಾಹಿತ್ಯದ ಸಿರಿಯೆಲ್ಲ ಅವನಿಗೆ ದೊರೆತಿತ್ತು: ಗ್ರೀಕ್, ಲ್ಯಾಟಿನ್ ಮಹಾಕೃತಿಗಳ ಇಡಿಯಾದ ಓದು, ಮನೆಯಲ್ಲಿ ಪುಸ್ತಕ, ಪಕ್ಕದಲ್ಲಿ ಕವಿ. ಓದಿನಲ್ಲಿ ಅವನು ಅಂಥ ಶ್ರಮಜೀವಿಯೇನೂ ಆಗಿರಲಿಲ್ಲ. ಪದವಿಯಲ್ಲಿ ಎರಡನೆಯ ದರ್ಜೆ ಬಂತು. ಆದರೂ 1845ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆದ. ಈ ಬಾಲ್ಯವನ್ನು ಇಲ್ಲಿ ನೆನೆಯಲು ಕಾರಣವಿದೆ. ಮುಂದೆ ಅವನು ಪರೀಕ್ಷಿಸಬೇಕಾದ ಮಕ್ಕಳಿಗೆ ಇದರಲ್ಲಿ ಒಂದಂಶವೂ ಇರಲಿಲ್ಲ.

1847ರಲ್ಲಿ ಅವನು ಲಾರ್ಡ್ ಲ್ಯಾನ್ಸ್‌ಡೌನ್‌ನ ಖಾಸಗಿ ಕಾರ್ಯದರ್ಶಿಯಾದ. ಸರಕಾರದ ಶಿಕ್ಷಣ ಸಮಿತಿಗೆ ಮುಖ್ಯಸ್ಥನಾಗಿದ್ದವನು ಅದೇ ಲ್ಯಾನ್ಸ್‌ಡೌನ್. ಫ್ರಾನ್ಸೆಸ್ ಲೂಸಿ ವೈಟ್‌ಮನ್‌ಳನ್ನು ಮದುವೆಯಾಗಬೇಕಾದರೆ ಸ್ಥಿರವಾದ ವರಮಾನ ಬೇಕಿತ್ತು. 1851ರ ಏಪ್ರಿಲ್‌ನಲ್ಲಿ ಇನ್‌ಸ್ಪೆಕ್ಟರ್ ಹುದ್ದೆ ದೊರೆಯಿತು. ಜೂನ್‌ನಲ್ಲಿ ಮದುವೆ ನಡೆಯಿತು. ಶಿಕ್ಷಣದ ಮೇಲಿನ ಒಲವಿನಿಂದ ಅವನು ಈ ಕೆಲಸಕ್ಕೆ ಬಂದನೆಂದು ಹೇಳಿದರೆ ಅದು ಚರಿತ್ರೆಗೆ ಬಳಿದ ಬಣ್ಣವಾದೀತು. ಬಂದದ್ದು ಸಂಸಾರಕ್ಕಾಗಿ, ಒಲವು ನಿಧಾನವಾಗಿ ಹುಟ್ಟಿತು.

ಆಗಿನ ವ್ಯವಸ್ಥೆಯಲ್ಲಿ ಇನ್‌ಸ್ಪೆಕ್ಟರರನ್ನು ಮತಪಂಗಡಗಳ ಪ್ರಕಾರ ಹಂಚಲಾಗುತ್ತಿತ್ತು. ಅಧಿಕೃತ ಚರ್ಚಿನ ಶಾಲೆಗಳಿಗೆ ಪಾದ್ರಿಗಳೇ ಇನ್‌ಸ್ಪೆಕ್ಟರರು. ಆರ್ನಲ್ಡ್ ಪಾದ್ರಿಯಲ್ಲವಾದ್ದರಿಂದ ಅವನ ಪಾಲಿಗೆ ಬಂದದ್ದು ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿಯ ಶಾಲೆಗಳು, ವೆಸ್ಲಿಯನ್ ಶಾಲೆಗಳು ಮತ್ತು ಅಧಿಕೃತ ಚರ್ಚಿನಿಂದ ಹೊರಗುಳಿದ ಇತರ ಪಂಗಡಗಳ ಶಾಲೆಗಳು. ಇಂಥ ಶಾಲೆಗಳು ದೂರ ದೂರ ಚದುರಿದ್ದವು. ಇಂಗ್ಲೆಂಡಿನ ನಡುಭಾಗದ ಕೌಂಟಿಗಳಿಂದ ವೇಲ್ಸ್‌ವರೆಗೆ ಅವನು ರೈಲಿನಲ್ಲಿ ಅಲೆಯಬೇಕಾಯಿತು. ಹಗಲು ಶಾಲೆ, ಇರುಳು ಉತ್ತರಪತ್ರಿಕೆಗಳ ಕಟ್ಟು. 'ಎಂಪೆಡೊಕ್ಲಿಸ್ ಆನ್ ಎಟ್ನಾ'ದಂಥ ಕಾವ್ಯ ಬರೆದವನು ವರ್ಷಗಳು ಕಳೆದಂತೆ ಕವಿತೆಯಿಂದ ಗದ್ಯಕ್ಕೆ ಸರಿದುದರಲ್ಲಿ ಈ ದುಡಿಮೆಯ ಪಾಲೂ ಇದೆ.

ಈ ಸಂಚಾರದಲ್ಲಿ ಅವನ ಗಮನವನ್ನು ಹೆಚ್ಚಾಗಿ ಸೆಳೆದವರು ವಿದ್ಯಾರ್ಥಿ-ಶಿಕ್ಷಕರು. 1846ರಲ್ಲಿ ಕೇ-ಶಟಲ್‌ವರ್ತ್ ಜಾರಿಗೆ ತಂದ ಏರ್ಪಾಟಿನ ಪ್ರಕಾರ ಹದಿಮೂರು ವರ್ಷ ತುಂಬಿದ ಹುಡುಗ ಹುಡುಗಿಯರನ್ನು ಐದು ವರ್ಷಗಳ ಕರಾರಿನ ಮೇಲೆ ಶಾಲೆಯಲ್ಲೇ ನೇಮಿಸಿಕೊಳ್ಳಲಾಗುತ್ತಿತ್ತು. ಹಗಲಿಡೀ ಅವರು ಚಿಕ್ಕ ಮಕ್ಕಳಿಗೆ ಕಲಿಸಬೇಕು. ಶಾಲೆಯ ವೇಳೆಯ ಆಚೆಗೆ ಮುಖ್ಯೋಪಾಧ್ಯಾಯ ಅವರಿಗೆ ಪಾಠ ಹೇಳಬೇಕು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸುತ್ತಾನೆ. ಹದಿನೆಂಟರ ವೇಳೆಗೆ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದವರಿಗೆ ತರಬೇತಿ ಕಾಲೇಜಿನ ವಿದ್ಯಾರ್ಥಿವೇತನ. ಇಂದಿನ ಮಾತಿನಲ್ಲಿ ಹೇಳುವುದಾದರೆ ಪ್ರೌಢಶಾಲೆ ಮತ್ತು ಪದವಿಪೂರ್ವ ವಯಸ್ಸಿನ ಮಕ್ಕಳು ಇವರು. ಓದಬೇಕಾದ ವಯಸ್ಸಿನಲ್ಲಿ ಓದಿಸುತ್ತಿದ್ದವರು.

ಇವರ ಜ್ಞಾನದ ಬಗ್ಗೆ ಆರ್ನಲ್ಡ್‌ಗೆ ದೂರಿರಲಿಲ್ಲ. ಇಸವಿಗಳು, ನದಿಗಳ ಹೆಸರು, ವ್ಯಾಕರಣದ ವಿಭಾಗಗಳು ಅವರಿಗೆ ಕಂಠಸ್ಥ. ಇಷ್ಟೆಲ್ಲ ತಿಳಿದವರು ಒಂದು ವಾಕ್ಯವನ್ನು ಸರಿಯಾಗಿ ಬರೆಯಲಾರರು, ಒಂದು ಒಳ್ಳೆಯ ಪದ್ಯದ ಅರ್ಥವನ್ನು ಹಿಡಿಯಲಾರರು ಎಂಬುದು ಅವನಿಗೆ ಆಶ್ಚರ್ಯ ತಂದಿತು. 1852ರ ವರದಿಯಲ್ಲೇ ಅವನು ಈ ಕೊರತೆಯನ್ನು ಎತ್ತಿ ಆಡಿದ. ತಿಳಿವಳಿಕೆ ಮತ್ತು ಮನಸ್ಸಿನ ಸಂಸ್ಕಾರ ಎರಡೂ ಒಂದೇ ಅಲ್ಲವೆಂದು ವಾದಿಸಿದ. ಅವನು ಸೂಚಿಸಿದ ಪರಿಹಾರ ಸರಳವಾದದ್ದು: ಒಳ್ಳೆಯ ಲೇಖಕರ ಗದ್ಯ ಪದ್ಯಗಳ ಆಯ್ದ ಭಾಗಗಳನ್ನು ಈ ಎಳೆಯರು ಬಾಯಿಪಾಠ ಮಾಡಲಿ. 'ಸಂಸ್ಕೃತಿ' ಎಂಬ ಪರಿಕಲ್ಪನೆಯನ್ನು ಅವನು ಗ್ರಂಥರೂಪದಲ್ಲಿ ಮಂಡಿಸಿದ್ದು ಇದಾದ ಹದಿನೇಳು ವರ್ಷಗಳ ಮೇಲೆ. ಆ ಪರಿಕಲ್ಪನೆಯ ಬೇರನ್ನು ಹುಡುಕುವವರು ಜರ್ಮನ್ ತತ್ತ್ವಶಾಸ್ತ್ರದ ಕಡೆ ನೋಡುವಂತೆಯೇ ಈ ಹಳೆಯ ವರದಿಯ ಕಡೆಗೂ ನೋಡಬೇಕು.

ಬಹಳ ಕಾಲದ ಮೇಲೆ ಅವನು ಉದಾಹರಿಸಿದ ಪ್ರಸಂಗವೊಂದು ಇಲ್ಲಿ ಪ್ರಸ್ತುತ. ತರಬೇತಿ ಕಾಲೇಜಿನ ತರುಣನೊಬ್ಬನಿಗೆ 'ಮ್ಯಾಕ್‌ಬೆತ್' ನಾಟಕದ ಭಾಗವೊಂದನ್ನು ಸ್ವಂತ ಮಾತಿನಲ್ಲಿ ಬರೆಯಲು ಕೊಡಲಾಗಿತ್ತು. ಮನೋವ್ಯಥೆಗೆ ಮದ್ದುಂಟೇ ಎಂದು ಮ್ಯಾಕ್‌ಬೆತ್ ವೈದ್ಯನನ್ನು ಕೇಳುವ ಸಂದರ್ಭ ಅದು. ಹುಚ್ಚನ ಶುಶ್ರೂಷೆ ಮಾಡಲಾಗದೇ ಎಂಬ ಅರ್ಥ ಬರುವಂತೆ ಆ ತರುಣ ಅದನ್ನು ತಿರುಗಿಸಿ ಬರೆದಿದ್ದ. ಪದಕ್ಕೆ ಪದ ಕೂಡಿಸಿ ನೋಡಿದರೆ ತಪ್ಪು ಹಿಡಿಯುವುದು ಕಷ್ಟ. 1882ರಲ್ಲಿ ಕೇಂಬ್ರಿಜ್‌ನಲ್ಲಿ ಸಾಹಿತ್ಯ ಮತ್ತು ವಿಜ್ಞಾನದ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಆರ್ನಲ್ಡ್ ಈ ಪ್ರಸಂಗವನ್ನು ಮತ್ತೆ ನೆನೆದ. ಚಂದ್ರನ ವ್ಯಾಸ ತಿಳಿಯದವನಿಗಿಂತ ಈ ಭಾವಾನುವಾದದಲ್ಲಿ ಕೊರತೆಯನ್ನೇ ಕಾಣದವನ ಬಗ್ಗೆ ತನಗೆ ಹೆಚ್ಚು ಮರುಕ ಎಂಬುದು ಅವನ ನಿಲುವಿನ ಸಾರ. ಆ ತರುಣ ದಡ್ಡನಾಗಿರಲಿಲ್ಲ. ಹದಿಮೂರರಿಂದ ಹದಿನೆಂಟರವರೆಗೆ ಅವನ ಕೈಗೆ ಬಂದ ಪುಸ್ತಕಗಳು ಎಂಥವು ಎಂಬುದು ಪ್ರಶ್ನೆ.

ಆ ಪುಸ್ತಕಗಳ ಬಗ್ಗೆ ಆರ್ನಲ್ಡ್ 1860ರ ವರದಿಯಲ್ಲಿ ವಿವರವಾಗಿ ಬರೆದ. ಐರ್ಲೆಂಡಿನ ರಾಷ್ಟ್ರೀಯ ಶಿಕ್ಷಣ ಮಂಡಳಿ ಸಿದ್ಧಪಡಿಸಿದ ವಾಚನ ಪುಸ್ತಕಗಳು ಅಗ್ಗದ ಬೆಲೆಯ ಕಾರಣದಿಂದ ಇಂಗ್ಲೆಂಡಿನ ಶಾಲೆಗಳಲ್ಲೂ ತುಂಬಿಕೊಂಡಿದ್ದ ಕಾಲವದು. ಅವುಗಳಲ್ಲಿ ಮತ್ತು ಅಂಥ ಇತರ ಪುಸ್ತಕಗಳಲ್ಲಿ ಪ್ರಾಣಿಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರಗಳ ಒಣ ಮಾಹಿತಿ ಒಂದು ಕಡೆ. ನೀತಿಬೋಧೆಗೆಂದೇ ಹೊಸೆದ ಮೂರನೆಯ ದರ್ಜೆಯ ಪದ್ಯ ಇನ್ನೊಂದು ಕಡೆ. ಶ್ರೀಮಂತರ ಮನೆಯ ಹುಡುಗನಿಗೆ ಶಾಲೆಯ ಪುಸ್ತಕ ಕೆಟ್ಟದಾಗಿದ್ದರೂ ಮನೆಯ ಕಪಾಟಿನಲ್ಲಿ ಬೇರೆ ಪುಸ್ತಕಗಳಿರುತ್ತವೆ. ಬಡವರ ಮಗುವಿಗೆ ವಾಚನ ಪುಸ್ತಕವೇ ಇಡೀ ಸಾಹಿತ್ಯ. ಹೀಗಾಗಿ ಅದನ್ನು ಆಯುವವನ ಹೊಣೆ ದೊಡ್ಡದು. ಪುಸ್ತಕದ ಆಯ್ಕೆ ಮುದ್ರಕನ ಅಥವಾ ಸಂಘಸಂಸ್ಥೆಗಳ ವ್ಯವಹಾರವೆಂದು ಭಾವಿಸಿದ್ದ ಕಾಲದಲ್ಲಿ ಅದನ್ನೊಂದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯಾಗಿ ನೋಡಿದ್ದು ಆರ್ನಲ್ಡ್‌ನ ವೈಶಿಷ್ಟ್ಯ. ಸರಕಾರಿ ವರದಿಗಳ ಶುಷ್ಕ ಶೈಲಿಯ ನಡುವೆ ಆ ಪುಟಗಳಲ್ಲಿ ಒಬ್ಬ ಕವಿಯ ಸಿಟ್ಟು ಕಾಣುತ್ತದೆ.

ಈ ನಡುವೆ 1857ರಲ್ಲಿ ಅವನು ಆಕ್ಸ್‌ಫರ್ಡಿನ ಕಾವ್ಯಪೀಠಕ್ಕೆ ಪ್ರಾಧ್ಯಾಪಕನಾಗಿ ಆಯ್ಕೆಯಾಗಿದ್ದ. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಉಪನ್ಯಾಸಗಳನ್ನು ಮೊದಲು ಇಂಗ್ಲಿಷಿನಲ್ಲಿ ಕೊಟ್ಟವನು ಇವನೇ. ವರ್ಷಕ್ಕೆ ಕೆಲವೇ ಉಪನ್ಯಾಸಗಳಿದ್ದ ಹುದ್ದೆ ಅದಾದುದರಿಂದ ಇನ್‌ಸ್ಪೆಕ್ಟರ್ ಕೆಲಸ ಬಿಡಬೇಕಾಗಲಿಲ್ಲ, ಬಿಡುವಷ್ಟು ಅನುಕೂಲವೂ ಇರಲಿಲ್ಲ. 1859ರಲ್ಲಿ ಫ್ರಾನ್ಸ್, ಹಾಲೆಂಡ್, ಸ್ವಿಟ್ಜರ್ಲೆಂಡುಗಳ ಶಾಲೆಗಳನ್ನೂ, 1865ರಲ್ಲಿ ಮತ್ತೊಮ್ಮೆ ಯೂರೋಪಿನ ಪ್ರೌಢಶಿಕ್ಷಣವನ್ನೂ ಸರಕಾರಿ ಆಯೋಗಗಳ ಪರವಾಗಿ ನೋಡಿ ಬಂದ.

1862ರಲ್ಲಿ ಪೆಟ್ಟು ಬಿತ್ತು. ರಾಬರ್ಟ್ ಲೋ ಎಂಬ ಮಂತ್ರಿ ರೂಪಿಸಿದ ಪರಿಷ್ಕೃತ ಸಂಹಿತೆ ಜಾರಿಗೆ ಬಂತು. ಇದರ ಪ್ರಕಾರ ಶಾಲೆಯ ಅನುದಾನ ಮಕ್ಕಳ ಹಾಜರಿಯ ಮೇಲೆ ಮತ್ತು ಓದು, ಬರಹ, ಲೆಕ್ಕ ಎಂಬ ಮೂರು ವಿಷಯಗಳ ಪರೀಕ್ಷೆಯ ಮೇಲೆ ನಿಂತಿತು. ನಿಯಮಿತವಾಗಿ ಬರುವ ಮಗುವೊಂದಕ್ಕೆ ಎಂಟು ಶಿಲಿಂಗ್. ಒಂದೊಂದು ವಿಷಯದಲ್ಲಿ ಮಗು ತಪ್ಪಿದಾಗಲೂ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. ಈ ಲೆಕ್ಕಾಚಾರದಲ್ಲಿ ಸಾಹಿತ್ಯಕ್ಕಿದ್ದ ಸ್ಥಾನವನ್ನು ಗಮನಿಸಬೇಕು. ಐದನೆಯ ತರಗತಿಯ ಮಗು ವಾಚನ ಪುಸ್ತಕದ ಕೆಲವು ಸಾಲು ಪದ್ಯವನ್ನು ಓದಬೇಕು. ಅದನ್ನು ದಾಟಿ ಆರನೆಯದಕ್ಕೆ, ಅಂದರೆ ಕಟ್ಟಕಡೆಯ ತರಗತಿಗೆ, ಬಂದಾಗ ವೃತ್ತಪತ್ರಿಕೆಯ ಒಂದು ಸಾಮಾನ್ಯ ಪ್ಯಾರಾ. ಪದ್ಯದಿಂದ ಪತ್ರಿಕೆಗೆ ಏರುವುದು ಪ್ರಗತಿಯ ಗುರುತು!

ಪರಿಣಾಮ ಬೇಗ ಕಾಣಿಸಿತು. ಪರೀಕ್ಷೆಗೆ ಇಟ್ಟ ಒಂದೇ ಪುಸ್ತಕವನ್ನು ವರ್ಷವಿಡೀ ಉರುಹೊಡೆಸಲಾಯಿತು. ಆ ಪುಸ್ತಕವನ್ನು ತಡವರಿಸದೆ ಓದಿದ ಮಗು ಬೇರೊಂದು ಪುಸ್ತಕ ಕೊಟ್ಟರೆ ಓದಲಾರದು ಎಂಬುದನ್ನು ಆರ್ನಲ್ಡ್ ವರದಿಗಳಲ್ಲಿ ತೋರಿಸಿಕೊಟ್ಟ. ಅದಕ್ಕೂ ಮೊದಲೇ, 1862ರ ಮಾರ್ಚ್‌ನಲ್ಲಿ, 'ಫ್ರೇಸರ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ತನ್ನ ಇಲಾಖೆಯ ಈ ನೀತಿಯನ್ನು ಖಂಡಿಸಿ ಹೆಸರು ಹಾಕದೆ ಲೇಖನ ಪ್ರಕಟಿಸಿದ್ದ. ಬರೆದವನು ಯಾರೆಂಬುದು ಬಹುಕಾಲ ಗುಟ್ಟಾಗಿ ಉಳಿಯುವಂತಿರಲಿಲ್ಲ. ಹೆಂಡತಿ ಮಕ್ಕಳಿದ್ದ, ಸಂಬಳವನ್ನೇ ನಂಬಿದ್ದ ಸರಕಾರಿ ನೌಕರ ತನ್ನ ಮಂತ್ರಿಯ ವಿರುದ್ಧ ಬರೆದದ್ದು ಸಣ್ಣ ಸಾಹಸವಲ್ಲ. ಕೆಲಸ ಉಳಿಯಿತು, ಸಂಹಿತೆಯೂ ಉಳಿಯಿತು.

ಈ ಹಂತದಲ್ಲಿ ಅವನ ಮನೆತನದ ಇನ್ನೊಂದು ಎಳೆಯನ್ನು ಹಿಡಿಯಬೇಕು, ಅದು ನಮ್ಮ ದೇಶಕ್ಕೂ ಸಂಬಂಧಿಸಿದೆ. ಅವನ ತಮ್ಮ ವಿಲಿಯಂ ಡೆಲಫೀಲ್ಡ್ ಆರ್ನಲ್ಡ್ 1850ರ ದಶಕದಲ್ಲಿ ಪಂಜಾಬಿನ ಮೊದಲ ಸಾರ್ವಜನಿಕ ಶಿಕ್ಷಣ ನಿರ್ದೇಶಕನಾಗಿದ್ದ. ಸರಕಾರಿ ಶಾಲೆಗಳಲ್ಲಿ ಬೈಬಲ್ ಪಾಠ ಇರಬಾರದೆಂದು ಮಿಷನರಿಗಳ ಒತ್ತಡದ ನಡುವೆಯೂ ಅವನು ಪಟ್ಟು ಹಿಡಿದಿದ್ದ. 1859ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಜಿಬ್ರಾಲ್ಟರಿನಲ್ಲಿ ತೀರಿಕೊಂಡ. ಅನಾಥರಾದ ಅವನ ನಾಲ್ವರು ಮಕ್ಕಳನ್ನು ಅಕ್ಕ ಜೇನ್ ಮತ್ತು ಅವಳ ಗಂಡ ಡಬ್ಲ್ಯು.ಇ. ಫಾರ್ಸ್ಟರ್ ಸಾಕಿದರು. 1870ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ಮಂಡಿಸಿದವನು ಇದೇ ಫಾರ್ಸ್ಟರ್. ಆ ಕಾಯಿದೆಯು ಹೊಸ ಬೋರ್ಡ್ ಶಾಲೆಗಳಲ್ಲಿ ಯಾವುದೇ ಪಂಗಡದ ಮತಪ್ರಶ್ನೋತ್ತರಗಳನ್ನು ಕಲಿಸಬಾರದೆಂದು ವಿಧಿಸಿತು. ಆದರೆ ಬೈಬಲನ್ನು ಓದಿಸಲು ಅಡ್ಡಿ ಇರಲಿಲ್ಲ.

ತಮ್ಮ ಪಂಜಾಬಿನಲ್ಲಿ ಹೊರಗಿಟ್ಟ ಗ್ರಂಥವನ್ನು ಅಣ್ಣ ಇಂಗ್ಲೆಂಡಿನಲ್ಲಿ ಬೇರೊಂದು ಬಾಗಿಲಿನಿಂದ ಒಳಗೆ ತಂದ. 1872ರಲ್ಲಿ ಆರ್ನಲ್ಡ್ ಎಳೆಯ ಕಲಿಕೆಗಾರರಿಗಾಗಿ ಯೆಶಾಯನ ಗ್ರಂಥದ 40ರಿಂದ 66ರವರೆಗಿನ ಅಧ್ಯಾಯಗಳನ್ನು ಪ್ರತ್ಯೇಕ ಪುಸ್ತಕವಾಗಿ, ಪೀಠಿಕೆ ಮತ್ತು ಟಿಪ್ಪಣಿಗಳೊಂದಿಗೆ ಸಂಪಾದಿಸಿದ. ಪ್ರಕಾಶಕರು ಮ್ಯಾಕ್‌ಮಿಲನ್. ಅವನ ತರ್ಕ ಹೀಗಿತ್ತು: ರಗ್ಬಿಯ ಹುಡುಗನಿಗೆ ಹೋಮರನ ಅಥವಾ ವರ್ಜಿಲನ ಇಡಿಯ ಕೃತಿ ಸಿಗುತ್ತದೆ, ಬಡವರ ಶಾಲೆಯ ಹುಡುಗನಿಗೆ ಸಿಗುವುದು ತುಣುಕುಗಳು ಮಾತ್ರ. ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ಸಾಗುವ ಮಹಾಕೃತಿಯೊಂದನ್ನು ಅವನಿಗೂ ಕೊಡಬೇಕು. ಗ್ರೀಕ್, ಲ್ಯಾಟಿನ್ ಅವನಿಗೆ ಬಾರದು. ಆದರೆ ಬೈಬಲಿನ ಇಂಗ್ಲಿಷ್ ಮನೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಅವನ ಕಿವಿಗೆ ಬಿದ್ದಿರುತ್ತದೆ. ಆ ಭಾಷೆಗೆ ಅವನ ಮನಸ್ಸು ಆಗಲೇ ಹದವಾಗಿದೆ. ಆದುದರಿಂದ ಅದನ್ನೇ ಕಾವ್ಯವಾಗಿ, ಚರಿತ್ರೆಯಾಗಿ ಓದಿಸಬೇಕು. ಬ್ಯಾಬಿಲೋನಿನ ಸೆರೆಯಿಂದ ಬಿಡುಗಡೆಯಾಗುವ ಜನಾಂಗವೊಂದರ ಕಥನ ಆ ಅಧ್ಯಾಯಗಳನ್ನು ಒಂದಾಗಿ ಹಿಡಿದಿರುವುದರಿಂದ ಆಯ್ಕೆ ಅಲ್ಲಿಗೇ ನಿಂತಿತು. ಕಿವಿಗೆ ಪರಿಚಿತವಾದ ಲಯ ಕೆಡಬಾರದೆಂದು ಹಳೆಯ ಅನುವಾದವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಅರ್ಥ ತೀರ ಮಸುಕಾದಲ್ಲಿ ಮಾತ್ರ ತಿದ್ದಿದ.

ಈ ಪುಸ್ತಕ ಸಿದ್ಧವಾದ ಕಾಲ ಅವನ ಸ್ವಂತ ಬದುಕಿನ ಕತ್ತಲೆಯ ಕಾಲ. 1868ರ ಆರಂಭದಲ್ಲಿ ಹಸುಗೂಸು ಬೇಸಿಲ್ ತೀರಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಹಿರಿಯ ಮಗ ಥಾಮಸ್ ಹದಿನಾರರ ವಯಸ್ಸಿನಲ್ಲಿ ಸತ್ತ. 1872ರ ಫೆಬ್ರವರಿಯಲ್ಲಿ ಟ್ರೆವೆನೆನ್ ಹದಿನೆಂಟರ ವಯಸ್ಸಿನಲ್ಲಿ ಸತ್ತ. ಹ್ಯಾರೋದಂಥ ಶಾಲೆಯಲ್ಲಿ ಮಕ್ಕಳನ್ನು ಓದಿಸಬೇಕೆಂದು ಆ ಊರಿಗೇ ಬಂದು ನೆಲೆಸಿದ್ದ ತಂದೆ ಮರುವರ್ಷ ಅಲ್ಲಿಂದ ಮನೆ ಬದಲಿಸಿದ. ಇದಕ್ಕೂ ಯೆಶಾಯನ ಸಾಂತ್ವನದ ಅಧ್ಯಾಯಗಳನ್ನು ಎಳೆಯರಿಗಾಗಿ ಆಯ್ದುದಕ್ಕೂ ನೇರ ಸಂಬಂಧ ಕಲ್ಪಿಸುವುದು ಸಂಶೋಧನೆಯ ಶಿಸ್ತಿಗೆ ಒಪ್ಪದು. ಆದರೂ ಎರಡೂ ಒಂದೇ ವರ್ಷದವೆಂಬುದನ್ನು ಮರೆತು ಆ ಪೀಠಿಕೆಯನ್ನು ಓದುವುದು ನನಗಂತೂ ಸಾಧ್ಯವಾಗಿಲ್ಲ.

ಪುಸ್ತಕ ಶಾಲೆಗಳಲ್ಲಿ ವ್ಯಾಪಕವಾಗಿ ನೆಲೆಗೊಳ್ಳಲಿಲ್ಲ. ಅದನ್ನು ಓದಿಸಿದರೆ ಅನುದಾನವಿಲ್ಲ. ಮತನಿಷ್ಠರಿಗೆ ಅದು ತೀರ ಸಾಹಿತ್ಯ, ಮತದಿಂದ ದೂರವಿರಬೇಕೆಂದವರಿಗೆ ತೀರ ಬೈಬಲ್. ಹೋಲಿಕೆಗೆ ಇನ್ನೊಂದು ಪುಸ್ತಕವನ್ನು ನೆನೆಯಬಹುದು. ಫಾರ್ಸ್ಟರ್ ದಂಪತಿಗಳು ಸಾಕಿದ ಮಕ್ಕಳಲ್ಲಿ ಒಬ್ಬನಾದ ಎಚ್.ಒ. ಆರ್ನಲ್ಡ್-ಫಾರ್ಸ್ಟರ್ 1886ರಲ್ಲಿ 'ದಿ ಸಿಟಿಜನ್ ರೀಡರ್' ಎಂಬ ಪಠ್ಯವನ್ನು ಪ್ರಕಟಿಸಿದ. ಪೌರನ ಹಕ್ಕು ಬಾಧ್ಯತೆ, ಸರಕಾರದ ರಚನೆ, ಸಾಮ್ರಾಜ್ಯದ ಹೆಮ್ಮೆ ಅದರ ವಸ್ತು. ಅದು ಬಹಳ ಪ್ರಚಾರ ಪಡೆಯಿತು. ದೊಡ್ಡಪ್ಪನ ಯೆಶಾಯ ಸೋತ ಶಾಲೆಗಳಲ್ಲಿ ತಮ್ಮನ ಮಗನ ಪೌರನೀತಿ ಗೆದ್ದಿತು.

ಆದರೆ ಬಾಯಿಪಾಠದ ವಿಷಯದಲ್ಲಿ ಆರ್ನಲ್ಡ್‌ನ ಮಾತು ಸ್ವಲ್ಪ ಮಟ್ಟಿಗೆ ನಡೆಯಿತು. 1871ರ ಹೊಸ ಸಂಹಿತೆಯಲ್ಲಿ ಇಂಗ್ಲಿಷ್ ಸಾಹಿತ್ಯವು ಮೇಲಿನ ತರಗತಿಗಳಿಗೆ ಅನುದಾನ ತರುವ ವಿಶೇಷ ವಿಷಯಗಳ ಸಾಲಿಗೆ ಸೇರಿತು. ಮೊದಲ ಹಂತದಲ್ಲಿ ನೂರು ಸಾಲು, ಮುಂದೆ ಇನ್ನೂರು, ಮುನ್ನೂರು ಸಾಲುಗಳನ್ನು ಅರ್ಥಸಹಿತ ಬಾಯಿಪಾಠ ಒಪ್ಪಿಸಬೇಕೆಂಬುದು ನಿಯಮ. ಸಾಹಿತ್ಯ ಕೊನೆಗೂ ಬಡವರ ಶಾಲೆಗೆ ಬಂತು. ಬಂದದ್ದು ಸಾಲುಗಳ ಎಣಿಕೆಯಾಗಿ. ಈ ವ್ಯವಸ್ಥೆಯನ್ನು ಒಂಬತ್ತು ವರ್ಷ ಕಂಡ ಮೇಲೆ ಅವನು 1880ರಲ್ಲಿ ಬರೆದ ವರದಿ ನನ್ನ ದೃಷ್ಟಿಯಲ್ಲಿ ಅವನ ಶಿಕ್ಷಣ ಬರಹಗಳಲ್ಲೆಲ್ಲ ಮಹತ್ವದ್ದು.

ಎಳೆಯರಿಗೆ ಆಯುವ ಪದ್ಯಕ್ಕೆ ಅವನು ಅಲ್ಲಿ ಮೂರು ಷರತ್ತುಗಳನ್ನು ಹಾಕುತ್ತಾನೆ. ಅಭಿವ್ಯಕ್ತಿಯಲ್ಲೂ ಭಾವದಲ್ಲೂ ಅದಕ್ಕೆ ನಿಜವಾದ ಚೆಲುವಿರಬೇಕು. ಆ ಚೆಲುವು ಓದುವ ಮಕ್ಕಳ ಮನಸ್ಸಿಗೆ ಎಟುಕುವಂಥದಾಗಿರಬೇಕು. ಇವೆರಡನ್ನು ಯಾರಾದರೂ ಹೇಳಿಯಾರು. ಮೂರನೆಯದು ಅವನದೇ: ಕಲಿಯುವ ಭಾಗದ ಮಿತಿಯೊಳಗೇ ಆ ಚೆಲುವಿನ, ಆ ಕುತೂಹಲದ ಕೇಂದ್ರ ಬಂದಿರಬೇಕು. ಇದಕ್ಕೆ ಅವನು ಕೊಡುವ ನಿದರ್ಶನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ನ್ಯಾಯಾಲಯದ ದೃಶ್ಯ. ಉಪಾಧ್ಯಾಯರಿಗೆ ಇದು ಬಲು ಮೆಚ್ಚಿನ ಆಯ್ಕೆಯಾಗಿತ್ತು. ನಾಲ್ಕನೆಯ ತರಗತಿಯ ಮಕ್ಕಳು ದೃಶ್ಯದ ಮೊದಲಿನಿಂದ ಹಿಡಿದು ನೂರನೆಯ ಸಾಲಿಗೆ ನಿಲ್ಲುತ್ತಾರೆ. ನಾಟಕವನ್ನು ತೆರೆದು ಎಣಿಸಿ ನೋಡಬಹುದು. ನೂರನೆಯ ಸಾಲಿನ ಹೊತ್ತಿಗೆ ಶೈಲಾಕ್ ತನಗೆ ಸಲ್ಲಬೇಕಾದ ಮಾಂಸಕ್ಕಾಗಿ ಹಟ ಹಿಡಿದು ನಿಂತಿರುತ್ತಾನೆ. ಪೋರ್ಷಿಯಾ ಇನ್ನೂ ರಂಗಕ್ಕೆ ಬಂದಿರುವುದಿಲ್ಲ. ಅವಳು ಬರಲು ಅರವತ್ತಕ್ಕೂ ಹೆಚ್ಚು ಸಾಲು ಕಾಯಬೇಕು, ಕರುಣೆಯ ಕುರಿತ ಅವಳ ಮಾತಿಗೆ ಇನ್ನಷ್ಟು. ಹದಿಹರೆಯದ ಹೊಸ್ತಿಲಲ್ಲಿದ್ದ ಆ ಮಕ್ಕಳಲ್ಲಿ ಅನೇಕರು ಅದೇ ವರ್ಷ ಶಾಲೆ ಬಿಟ್ಟು ದುಡಿಯಲು ಹೋಗುತ್ತಾರೆ. ಶೇಕ್ಸ್‌ಪಿಯರನಿಂದ ಅವರು ಬದುಕಿಡೀ ಹೊತ್ತೊಯ್ಯುವುದು ದ್ವೇಷದ ಅರ್ಧ ದೃಶ್ಯವನ್ನು.

ಬದಲಿಗೆ ಅವನು ಸೂಚಿಸಿದ್ದು ಫೆಲಿಸಿಯಾ ಹೆಮನ್ಸಳ ಸಣ್ಣ ಕವಿತೆಗಳನ್ನು. ಆಕೆ ಮಹಾಕವಿಯೆಂದು ಆರ್ನಲ್ಡ್ ಎಂದೂ ಭಾವಿಸಿದವನಲ್ಲ. ಆದರೆ ಆಕೆಯ ಕೆಲವು ಕಿರುಕವಿತೆಗಳಲ್ಲಿ ನಿಜವಾದ ಭಾವವಿದೆ, ಮಕ್ಕಳಿಗೆ ಅದು ತಾಕುತ್ತದೆ, ಕವಿತೆ ಚಿಕ್ಕದಾದುದರಿಂದ ಮಿತಿಯೊಳಗೇ ಪೂರ್ತಿಯಾಗುತ್ತದೆ. ಇಡಿಯಾದ ಸಣ್ಣ ಕವಿತೆಗಾಗಿ ಅವನು ಶೇಕ್ಸ್‌ಪಿಯರನ ತುಂಡನ್ನು ಬಿಟ್ಟುಕೊಡಲು ಸಿದ್ಧನಾದ. ಇದೇ 1880ರಲ್ಲಿ ವಾರ್ಡ್ ಸಂಪಾದಿಸಿದ ಇಂಗ್ಲಿಷ್ ಕವಿಗಳ ಸಂಕಲನಕ್ಕೆ ಅವನು ಬರೆದ ಪೀಠಿಕೆಯಲ್ಲಿ ಒರೆಗಲ್ಲಿನ ಸಿದ್ಧಾಂತ ಮಂಡನೆಯಾಯಿತು. ಅಲ್ಲಿ ಹೋಮರ್, ದಾಂತೆ, ಮಿಲ್ಟನ್‌ರ ಬಿಡಿ ಸಾಲುಗಳೇ ಸಾಕು, ಕೃತಿಯ ಇಡಿತನದ ಪ್ರಶ್ನೆ ಏಳುವುದಿಲ್ಲ. ವಿಮರ್ಶಕ ಆರ್ನಲ್ಡ್ ಮತ್ತು ಇನ್‌ಸ್ಪೆಕ್ಟರ್ ಆರ್ನಲ್ಡ್ ಒಂದೇ ವರ್ಷದಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿದ್ದರು ಎನ್ನಬೇಕಾಗುತ್ತದೆ. 1853ರಲ್ಲಿ ತನ್ನ ಕವನಸಂಗ್ರಹಕ್ಕೆ ಬರೆದ ಮುನ್ನುಡಿಯಲ್ಲಿ ಬ್ರಿಲಿಯಂಟ್ ಆದ ಬಿಡಿ ಸಾಲಿಗಿಂತ ಕ್ರಿಯೆಯ ಸಮಗ್ರತೆ ದೊಡ್ಡದೆಂದು ವಾದಿಸಿದವನೂ ಇವನೇ. ಆ ಹಳೆಯ ನಂಬಿಕೆಯನ್ನು ವಿಮರ್ಶಕ ಮರೆತ, ಇನ್‌ಸ್ಪೆಕ್ಟರ್ ಉಳಿಸಿಕೊಂಡ. ಆಗಲೇ ಹೋಮರನನ್ನು ಓದಿ ಮುಗಿಸಿದವನಿಗೆ ಒಂದು ಸಾಲು ಇಡೀ ಕಾವ್ಯವನ್ನು ನೆನಪಿಸಬಲ್ಲುದು. ಏನನ್ನೂ ಓದದ ಮಗುವಿಗೆ ಒಂದು ಸಾಲು ಒಂದು ಸಾಲೇ. ನಡುಗನ್ನಡ ಕಾವ್ಯವೊಂದರಿಂದ ಹತ್ತು ಹನ್ನೆರಡು ಷಟ್ಪದಿಗಳನ್ನು ಕತ್ತರಿಸಿ ಪಠ್ಯಕ್ಕೆ ಇಟ್ಟು, ಪ್ರಸಂಗ ಎಲ್ಲಿ ಮುಗಿಯಿತೆಂದು ತರಗತಿಯಲ್ಲಿ ಬಾಯಲ್ಲಿ ಹೇಳಿ ತೀರಿಸಿದ ಅನುಭವವಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಆರ್ನಲ್ಡ್‌ನನ್ನು ಎಳೆಯರ ಸಾಹಿತ್ಯದ ಹಕ್ಕಿನ ವಕ್ತಾರನೆಂದು ಕೊಂಡಾಡಿ ಮುಗಿಸುವಂತಿಲ್ಲ. ವೇಲ್ಸ್‌ನ ವಿಚಾರ ಅಡ್ಡ ಬರುತ್ತದೆ. ಕೇಳಿದ ಭಾಷೆಯಲ್ಲೇ ಕಾವ್ಯ ಮನಸ್ಸಿಗಿಳಿಯುತ್ತದೆಂದು ಯೆಶಾಯನ ಪುಸ್ತಕದಲ್ಲಿ ವಾದಿಸಿದವನು ವೆಲ್ಷ್ ಮಾತಾಡುವ ಮಕ್ಕಳ ಶಾಲೆಗಳ ಬಗ್ಗೆ 1852ರಲ್ಲೇ ಬೇರೆ ನಿಲುವು ತಳೆದಿದ್ದ. ಆಳ್ವಿಕೆಯ ಎಲ್ಲ ಭಾಗಗಳು ಏಕರೂಪವಾಗಬೇಕು, ಭಾಷೆಯ ಅಡ್ಡಗೋಡೆ ಬೀಳಬೇಕು, ಶಾಲೆ ಅದಕ್ಕೆ ಸಾಧನವಾಗಬೇಕು ಎಂಬುದು ಆಗಿನ ಅವನ ಅಭಿಪ್ರಾಯ. 1865-66ರಲ್ಲಿ ಕೆಲ್ಟಿಕ್ ಸಾಹಿತ್ಯದ ಬಗ್ಗೆ ಆಕ್ಸ್‌ಫರ್ಡಿನಲ್ಲಿ ಕೊಟ್ಟ, 1867ರಲ್ಲಿ ಪುಸ್ತಕವಾದ ಉಪನ್ಯಾಸಗಳಲ್ಲಿ ಹಳೆಯ ವೆಲ್ಷ್ ಕಾವ್ಯವನ್ನು ಅವನು ಬಾಯ್ತುಂಬ ಹೊಗಳಿದ. ಅದರ ಅಧ್ಯಯನಕ್ಕೆ ವಿಶ್ವವಿದ್ಯಾಲಯದಲ್ಲಿ ಪೀಠ ಬೇಕೆಂದ. ಆದರೆ ಅದು ಬಳಕೆಯ ಭಾಷೆಯಾಗಿ ಅಳಿದಷ್ಟೂ ವೇಲ್ಸ್‌ಗೆ ಒಳಿತು ಎಂಬ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಕಾವ್ಯ ವಿದ್ವಾಂಸರಿಗೆ, ಇಂಗ್ಲಿಷ್ ಮಕ್ಕಳಿಗೆ. ವೆಲ್ಷ್ ಮನೆಯ ಹದಿಮೂರರ ವಿದ್ಯಾರ್ಥಿ-ಶಿಕ್ಷಕಿಯೊಬ್ಬಳಿಗೆ ಅವಳದೇ ಕಿವಿಯ ಮಾತಿನಲ್ಲಿ ಒಂದು ಇಡಿಯ ಕೃತಿ ದೊರೆಯಬೇಕೆಂಬ ಯೋಚನೆ ಅವನ ಮೂವತ್ತೈದು ವರ್ಷಗಳ ವರದಿಗಳ ಒಟ್ಟು ವಾದಕ್ಕೆ ಸಹಜವಾಗಿ ಹೊಂದುವಂಥದು. ಅದು ಅವನಿಗೆ ಹೊಳೆಯಲಿಲ್ಲ.

ಇಂಗ್ಲಿಷ್ ಸಾಹಿತ್ಯವು ಪಠ್ಯವಿಷಯವಾಗಿ ವ್ಯವಸ್ಥಿತವಾದದ್ದು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಎಂದು ಗೌರಿ ವಿಶ್ವನಾಥನ್ 1989ರ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಗ್ರಂಥದಲ್ಲಿ ತೋರಿಸಿದ ಬಳಿಕ ಆರ್ನಲ್ಡ್‌ನಂಥವರ ಬರಹವನ್ನು ಅಮಾಯಕವಾಗಿ ಓದುವುದು ಕಷ್ಟ. ಪಠ್ಯದ ಆಯ್ಕೆ ಆಳುವವರ ಅನುಕೂಲಕ್ಕೆ ಒದಗಿದ ಬಗೆ ನಮಗೆ ತಿಳಿದಿದೆ. ವೇಲ್ಸ್‌ನ ವಿಷಯದಲ್ಲಿ ಆರ್ನಲ್ಡ್ ಆ ಚರಿತ್ರೆಯ ಒಳಗಿನವನೇ. ಆದರೂ ಪೋರ್ಷಿಯಾ ಬರುವ ಮೊದಲೇ ಪಾಠ ನಿಲ್ಲುತ್ತದೆಂದು ಎಣಿಸಿ ತೋರಿಸಿದ ಆ ವರದಿಯನ್ನು ಅಧಿಕಾರದ ಸಂಕಥನವೆಂದಷ್ಟೇ ಕರೆದು ಬದಿಗಿಡುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ತರಗತಿಯಲ್ಲಿ ಕುಳಿತು ಮಕ್ಕಳ ಬಾಯಿಂದ ಕೇಳಿದವನಿಗೆ ಮಾತ್ರ ತಿಳಿಯುವ ಸಂಗತಿ ಅದು.

1870ರ ಕಾಯಿದೆಯ ನಂತರ ಮತಪಂಗಡಗಳ ಹಂಚಿಕೆ ಹೋಗಿ ಅವನ ವಲಯ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ ಸೀಮಿತವಾಯಿತು, ತಿರುಗಾಟ ಕಡಿಮೆಯಾಯಿತು. 1878ರಲ್ಲಿ ವಿದ್ಯಾರ್ಥಿಗಳಿಗೆಂದು ಜಾನ್ಸನ್ನನ ಕವಿಚರಿತ್ರೆಗಳಿಂದ ಆರನ್ನು ಆಯ್ದು ಸಂಪಾದಿಸಿದ. ಮರುವರ್ಷ ವರ್ಡ್ಸ್‌ವರ್ತನ ಕವಿತೆಗಳ ಆಯ್ಕೆ ಬಂತು. ಬಾಲ್ಯದ ನೆರೆಯವನ ದೀರ್ಘ ಕಾವ್ಯಗಳನ್ನು ಹಿಂದಕ್ಕೆ ಸರಿಸಿ ಸಣ್ಣ ಕವಿತೆಗಳನ್ನು ಮುಂದಿಟ್ಟ ಆ ಸಂಕಲನದಲ್ಲಿ ಇನ್‌ಸ್ಪೆಕ್ಟರನ ಕೈ ಕಾಣುತ್ತದೆ. 1885-86ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್‌ಗಳ ಪ್ರಾಥಮಿಕ ಶಾಲೆಗಳನ್ನು ಕೊನೆಯ ಬಾರಿ ನೋಡಿ ಬಂದು ಬರೆದ ವರದಿಯಲ್ಲೂ ಜರ್ಮನ್ ಮಕ್ಕಳು ಬಾಯಿಪಾಠ ಮಾಡುವ ಕವಿತೆಗಳ ಗುಣವನ್ನು ಮೆಚ್ಚಿಕೊಂಡ. 1886ರ ಏಪ್ರಿಲ್ ಕೊನೆಗೆ ನಿವೃತ್ತನಾದ.

1888ರ ಏಪ್ರಿಲ್ 15ರಂದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಗಳನ್ನು ಎದುರುಗೊಳ್ಳಲು ಲಿವರ್‌ಪೂಲಿಗೆ ಹೋಗಿದ್ದಾಗ ಹೃದಯಾಘಾತದಿಂದ ಅವನು ತೀರಿಕೊಂಡ. ಲೇಲ್‌ಹ್ಯಾಮಿನ ಚರ್ಚಿನ ಅಂಗಳದಲ್ಲಿ, ಮೊದಲೇ ಹೋದ ಮೂವರು ಗಂಡುಮಕ್ಕಳ ಬಳಿಯಲ್ಲಿ, ಅವನನ್ನು ಹುಗಿದರು. ಮರುವರ್ಷ ಸರ್ ಫ್ರಾನ್ಸಿಸ್ ಸ್ಯಾಂಡ್‌ಫರ್ಡ್ 1852ರಿಂದ 1882ರವರೆಗಿನ ಅವನ ಶಾಲಾ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ. ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಅದರ ಮರುವರ್ಷದಿಂದ ಸಡಿಲಗೊಳ್ಳತೊಡಗಿ, ಆ ದಶಕ ಮುಗಿಯುವುದರೊಳಗೆ ರದ್ದಾಯಿತು.